ತೋಟದ ಮದುವೆಗೆ ಬಣ್ಣದ ಹೂ: ಫೋಟೋ ಬದಿಗಿಡಿ, ಗಡಿಯಾರ ನೋಡಿ

ಬಯಲಿನಲ್ಲಿ ಮದುವೆ ಅಂದ ಕೂಡಲೇ ಎಲ್ಲರೂ ಮೊದಲು ತೆಗೆಯುವುದು ಫೋನು. ಅದರಲ್ಲಿ ಉಳಿಸಿಟ್ಟ ರಾಶಿ ಫೋಟೋ. ತಿಳಿ ಗುಲಾಬಿ ಬಣ್ಣದ ದಪ್ಪ ದಪ್ಪ ಹೂ, ಬಿಳಿ ಕುರ್ಚಿ, ಹುಲ್ಲುಹಾಸು. ಚೆನ್ನಾಗಿಯೇ ಇರುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹೂಗಳಲ್ಲಿ ಬಹಳಷ್ಟು ತಣ್ಣನೆಯ ದೇಶದವು, ಫೋಟೋ ತೆಗೆದದ್ದು ಇಳಿಬಿಸಿಲಿನಲ್ಲಿ. ನಮ್ಮ ಮುಹೂರ್ತ ಬೆಳಿಗ್ಗೆ ಒಂಬತ್ತೂವರೆಗೆ, ಕೊನೆಯ ಪಂಕ್ತಿ ಏಳುವಾಗ ಮೂರು ಗಂಟೆ, ಅದೂ ಏಪ್ರಿಲ್ ತಿಂಗಳು, ಮಂಡ್ಯದ ಕಡೆಯ ಬಯಲು. ಹೈಡ್ರೇಂಜಿಯಾ ಹೂವನ್ನು ಅಂಥ ಬಿಸಿಲಿಗೆ ನಿಲ್ಲಿಸಿದರೆ ಧಾರೆ ಮುಗಿಯುವಷ್ಟರಲ್ಲಿ ಅದರ ತಲೆ ಜೋತು ಬಿದ್ದಿರುತ್ತದೆ.

ಹಾಗಾಗಿ ಬಣ್ಣದ ಮಾತು ಆಮೇಲೆ. ಮೊದಲು ಗಂಟೆ, ತಿಂಗಳು, ಬಿಸಿಲು ಬೀಳುವ ಜಾಗ. ಈ ಮೂರು ಗೊತ್ತಾದರೆ ಯಾವ ಹೂ ಬೇಕು ಅನ್ನುವುದು ಮುಕ್ಕಾಲು ಭಾಗ ತಾನೇ ತೀರ್ಮಾನವಾಗುತ್ತದೆ.

ಮೊದಲು ಜಾಗ ನೋಡಿ ಬನ್ನಿ

ಮದುವೆ ಯಾವ ಹೊತ್ತಿಗೋ ಅದೇ ಹೊತ್ತಿಗೆ ಆ ಜಾಗಕ್ಕೆ ಹೋಗಿ. ಬೆಳಿಗ್ಗೆ ಮದುವೆಗೆ ಸಂಜೆ ಹೋಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಂಟಪ ಹಾಕುವ ಕಡೆ ನಿಂತು, ಒಂಬತ್ತಕ್ಕೆ ನೆರಳು ಎಲ್ಲಿ, ಹನ್ನೆರಡಕ್ಕೆ ಎಲ್ಲಿ ಅಂತ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ. ಹೋಮದ ಹೊಗೆ ಯಾವ ಕಡೆ ಹೋಗುತ್ತದೆ ಅನ್ನುವುದೂ ಅದರಿಂದಲೇ ಗೊತ್ತಾಗುತ್ತದೆ. ಹೋಮಕುಂಡದ ಮೇಲೆ ನೇತಾಡುವ ಹೂ ಬಿಸಿಗೆ ಅರ್ಧ ಗಂಟೆಯಲ್ಲಿ ಬಾಡುತ್ತದೆ, ಜತೆಗೆ ಬೆಂಕಿಯ ಭಯ ಬೇರೆ.

ಆ ಜಾಗದಲ್ಲಿ ಆಗಲೇ ಏನೇನು ಬಣ್ಣ ಇದೆ ಅಂತಲೂ ಬರೆದುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ. ಅಡಿಕೆ ತೋಟವಾದರೆ ಹಿಂದೆಲ್ಲ ಕಡು ಹಸಿರು, ನೆರಳು. ಅಲ್ಲಿ ನೇರಳೆ, ಮೆರೂನ್ ಹಾಕಿದರೆ ಕಾಣುವುದೇ ಇಲ್ಲ. ಹಳದಿ, ಬಿಳಿ, ಕೇಸರಿ ಎದ್ದು ಕಾಣುತ್ತವೆ. ಬಯಲುಸೀಮೆಯ ಒಣ ಹುಲ್ಲಿನ ಮೈದಾನವಾದರೆ ಉಲ್ಟಾ. ಹಳದಿ ಚೆಂಡು ಹೂ ಆ ಒಣ ಬಣ್ಣದಲ್ಲೇ ಕರಗಿ ಹೋಗುತ್ತದೆ. ಅಲ್ಲಿ ಹಸಿರು ಎಲೆಯನ್ನು ನೀವೇ ತಂದು ಹಿನ್ನೆಲೆ ಮಾಡಬೇಕು, ಅದರ ಮೇಲೆ ರಾಣಿ ಬಣ್ಣ, ಕೆಂಪು. ಬೇಲಿಯ ಮೇಲೆ ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ ಬಳ್ಳಿ, ತುಂಬಿಕೊಂಡಿದ್ದರೆ ಅದನ್ನು ಮರೆಮಾಡಿ ಬಟ್ಟೆ ಕಟ್ಟುವ ಡೆಕೋರೇಟರ್‌ಗಳನ್ನು ನೋಡಿದ್ದೇನೆ. ಪುಕ್ಕಟೆ ಸಿಕ್ಕ ಅಲಂಕಾರಕ್ಕೆ ದುಡ್ಡು ಕೊಟ್ಟು ಪರದೆ ಹಾಕುವುದು ಯಾಕೆ, ಅಲ್ವಾ?

ತಿಂಗಳು, ಹಬ್ಬ, ರೇಟು

ಹೂವಿನ ರೇಟು ಪಂಚಾಂಗ ನೋಡಿಕೊಂಡು ಏರುತ್ತದೆ. ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆ, ದೀಪಾವಳಿ, ಈ ವಾರಗಳಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಾಗಲಿ ಮೈಸೂರಿನ ದೇವರಾಜ ಮಾರುಕಟ್ಟೆಯಾಗಲಿ, ಸೇವಂತಿಗೆ, ಕನಕಾಂಬರ, ಮಲ್ಲಿಗೆಯ ಬೆಲೆ ಕೇಳುವಂತಿಲ್ಲ. ಶ್ರಾವಣದ ಮದುವೆಗೆ ಹಬ್ಬದ ಹಿಂದೆಮುಂದೆ ನಾಲ್ಕು ದಿನ ಬಿಟ್ಟು ದಿನ ಸಿಕ್ಕರೆ ಹೂವಿನ ಲೆಕ್ಕದಲ್ಲೇ ದೊಡ್ಡ ಮೊತ್ತ ಉಳಿಯುತ್ತದೆ. ಇನ್ನೊಂದನ್ನು ಜನ ಮರೆಯುತ್ತಾರೆ. ಮಾಘದ ಮದುವೆಗಳು ಫೆಬ್ರವರಿಯಲ್ಲಿ ಬರುತ್ತವೆ, ಫೆಬ್ರವರಿ 14ರ ಪ್ರೇಮಿಗಳ ದಿನವೂ ಆಗಲೇ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಪಾಲಿಹೌಸ್‌ಗಳ ಉದ್ದ ಕಡ್ಡಿಯ ಕೆಂಪು ಗುಲಾಬಿ ಆ ದಿನಗಳಲ್ಲಿ ಹೊರಗಡೆ ಹೋಗುತ್ತದೆ, ಉಳಿದದ್ದರ ಬೆಲೆ ಮೇಲಕ್ಕೆ. ಆ ವಾರ ಮದುವೆ ಇದ್ದರೆ ಕೆಂಪು ಬಣ್ಣಕ್ಕೆ ಗುಲಾಬಿ ಬೇಡ, ಬೇರೆ ದಾರಿ ಹುಡುಕಿ. ಕೋಳಿಜುಟ್ಟಿನ ಹೂ ಇದೆಯಲ್ಲ, ಮಖಮಲ್ಲಿನ ಹಾಗೆ ಮುದುರಿಕೊಂಡಿರುವುದು. ಕೆಂಪಿಗೆ ಕೆಂಪು, ಬಾಡುವುದೂ ಇಲ್ಲ.

ಮಲ್ಲಿಗೆಗೆ ಬೇಸಿಗೆಯೇ ಕಾಲ. ಮಾರ್ಚ್‌ನಿಂದ ಜೂನ್‌ವರೆಗೆ ಚೆನ್ನಾಗಿ ಬರುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಮೊಗ್ಗು ಕಡಿಮೆ, ರೇಟು ಜಾಸ್ತಿ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತು, ಅಂದರೆ ಆ ಊರಿನದೇ ಬೆಳೆ ಅನ್ನುವ ಜಿಐ ಮಾನ್ಯತೆ, ಸಿಕ್ಕಿದೆ. ನಿಮ್ಮ ಊರು ಯಾವ ಕಡೆಗೋ ಆ ಮಲ್ಲಿಗೆ ತರಿಸಿ. ಸೇವಂತಿಗೆ ಮಾತ್ರ ಚಳಿಗಾಲದ್ದು. ಹಗಲು ಚಿಕ್ಕದಾದಾಗ ಮೊಗ್ಗು ಬಿಡುವ ಗಿಡ ಅದು. ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದು ಕಂಡರೆ, ಅದು ಸೇವಂತಿಗೆ ಗಿಡಕ್ಕೆ ಇನ್ನೂ ಹಗಲೇ ಅಂತ ನಂಬಿಸಿ ಹೂವನ್ನು ಮುಂದಕ್ಕೆ ಹಾಕುವ ಉಪಾಯ. ಹೀಗಾಗಿ ಈಗ ಸೇವಂತಿಗೆ ವರ್ಷದ ಹೆಚ್ಚು ದಿನ ಸಿಗುತ್ತದೆ, ಆದರೆ ಅಗ್ಗಕ್ಕೆ ಸಿಗುವುದು ಚಳಿಗಾಲದ ಆಸುಪಾಸಿನಲ್ಲೇ.

ಏಪ್ರಿಲ್ ಕೊನೆ, ಮೇ ಮೊದಲ ವಾರದ ಮದುವೆಯಾದರೆ ಭರಣಿ ಮಳೆಯ ಲೆಕ್ಕ ಇಟ್ಟುಕೊಳ್ಳಿ. ರೈತರಿಗೆ ಭರಣಿ ಬಂದರೆ ಸಂತೋಷ, ಮಂಟಪಕ್ಕೆ ಅಲ್ಲ. ಸಂಜೆ ನಾಲ್ಕರ ಮೇಲೆ ಗುಡುಗು ಸಿಡಿಲು ಸಾಮಾನ್ಯ. ರಿಸೆಪ್ಷನ್ನಿನ ಹೂ ನೆನೆಯದ ಕಡೆ ಇರಲಿ.

ಬಣ್ಣ ಆರಿಸುವುದು

ಈಗ ಬಣ್ಣಕ್ಕೆ ಬರೋಣ. ನಡು ಹಗಲಿನ ಬಿಸಿಲು ತಿಳಿ ಬಣ್ಣವನ್ನು ತಿಂದು ಹಾಕುತ್ತದೆ. ಪೀಚು, ತಿಳಿ ಗುಲಾಬಿ, ಕೆನೆ ಬಣ್ಣ, ಎಲ್ಲವೂ ಫೋಟೋದಲ್ಲಿ ಒಂದೇ ಬಿಳಿಚು ಬಣ್ಣ. ಹಗಲಿಗೆ ಗಾಢ ಬಣ್ಣ ಬೇಕು. ಸಂಜೆಗೆ ಬೇರೆ ಲೆಕ್ಕ. ಕತ್ತಲಾಗುತ್ತಾ ಬಂದ ಹಾಗೆ ಕೆಂಪು ಕಪ್ಪಾಗಿ ಕಾಣಲು ಶುರುವಾಗುತ್ತದೆ, ಹಳದಿ ಬಲ್ಬಿನ ಕೆಳಗೆ ನೇರಳೆ ಬೂದು ಬೂದು. ಹಳದಿ, ಕೇಸರಿ, ಬಿಳಿ ಮಾತ್ರ ದೀಪಕ್ಕೆ ಹೊಳೆಯುತ್ತವೆ. ಬೆಳಿಗ್ಗೆ ಮುಹೂರ್ತ, ಸಂಜೆ ಆರತಕ್ಷತೆ ಎರಡೂ ಒಂದೇ ಕಡೆ ಇದ್ದರೆ ಹಳದಿ-ಕೇಸರಿಯನ್ನು ಮೂಲ ಬಣ್ಣ ಮಾಡಿಕೊಂಡು, ಹಗಲಿಗೆ ಕೆಂಪು ಅಥವಾ ನೇರಳೆ ಸೇರಿಸಿ, ಸಂಜೆಗೆ ಅದನ್ನು ತೆಗೆದು ಬಿಳಿ ಸುಗಂಧರಾಜ ಸೇರಿಸಿದರೆ ಅರ್ಧ ಕೆಲಸದಲ್ಲಿ ಎರಡು ಅಲಂಕಾರ ಆಗುತ್ತದೆ.

ಎಷ್ಟು ಬಣ್ಣ? ಬಣ್ಣಬಣ್ಣದ ಮದುವೆ ಅಂದರೆ ಎಲ್ಲ ಬಣ್ಣವನ್ನೂ ಸುರಿಯುವುದು ಅಂತ ತಿಳಿದವರು ಬಹಳ. ನನ್ನ ಲೆಕ್ಕದಲ್ಲಿ ಒಂದು ಕಡೆ ಮೂರು ಹೂ ಬಣ್ಣ, ಜತೆಗೆ ಹಸಿರು, ಅಷ್ಟು ಸಾಕು. ಒಂದು ಬಣ್ಣ ಜಾಸ್ತಿ, ಇನ್ನೊಂದು ಅದರ ಅರ್ಧ, ಮೂರನೆಯದು ಚಿಟಿಕೆ. ಇನ್ನೂ ಬಣ್ಣ ಬೇಕಿದ್ದರೆ ಜಾಗ ಬದಲಾಯಿಸಿ. ಬಾಗಿಲಿಗೆ ಒಂದು ಜೋಡಿ, ಊಟದ ಕಡೆ ಇನ್ನೊಂದು.

ಶುರು ಮಾಡುವುದಕ್ಕೆ ಒಳ್ಳೆಯ ಜಾಗ ಸೀರೆ. ಧಾರೆಗೆ ಕೆಂಪಂಚಿನ ಬಿಳಿ ಸೀರೆ ಉಡುವ ಮನೆಯಾದರೆ ಹಿಂದೆ ಬಿಳಿ ಹೂವಿನ ಪರದೆ ಹಾಕಬೇಡಿ, ಹುಡುಗಿ ಅದರಲ್ಲಿ ಕಾಣದೇ ಹೋಗುತ್ತಾಳೆ. ಅದಕ್ಕೆ ಹಸಿರು ಎಲೆಯ ಹಿನ್ನೆಲೆ, ಅದರಲ್ಲಿ ಕೇಸರಿ ಚೆಂಡು ಹೂ, ಅಂಚಿಗೆ ಮ್ಯಾಚಾಗುವ ಕೆಂಪು. ಹಸಿರು ಮೈಸೂರು ಸಿಲ್ಕಿಗೆ ಹಸಿರು ಹಿನ್ನೆಲೆ ಬೇಡ, ಹಳದಿ ಸೇವಂತಿಗೆ ಮತ್ತು ಕನಕಾಂಬರ ಚೆಂದ. ಇಳಕಲ್ ಸೀರೆಯ ಮನೆಯವರಾದರೆ ಸೆರಗಿನ ಕೆಂಪು-ಬಿಳಿಯನ್ನೇ ಮಂಟಪಕ್ಕೆ ಎತ್ತಿಕೊಳ್ಳಿ. ಕೆಂಪು ಕೋಳಿಜುಟ್ಟು, ಬಿಳಿ ಸುಗಂಧರಾಜ, ಮಧ್ಯೆ ಮಧ್ಯೆ ಜೋಳದ ತೆನೆ. ಜೋಳದ ತೆನೆ ಹೂವಲ್ಲ ನಿಜ, ಆದರೆ ಬಿಸಿಲಿಗೆ ಜಗ್ಗುವುದಿಲ್ಲ, ನೋಡಿದ ತಕ್ಷಣ ಇದು ಬಾಗಲಕೋಟೆ ಕಡೆಯ ಮದುವೆ ಅಂತ ಗೊತ್ತಾಗುತ್ತದೆ.

ನಿಮ್ಮದೇ ಮದುವೆ ಅನ್ನಿಸುವುದು ಹೇಗೆ

ಗಂಡು-ಹೆಣ್ಣಿನ ಹೆಸರಿನ ಮೊದಲ ಅಕ್ಷರವನ್ನು ಥರ್ಮೋಕೋಲಿಗೆ ಹೂ ಅಂಟಿಸಿ ನಿಲ್ಲಿಸುವುದನ್ನು ಈಗ ಎಲ್ಲರೂ ಮಾಡುತ್ತಾರೆ. ಅದರಲ್ಲಿ ನಿಮ್ಮದು ಅನ್ನುವಂಥದ್ದು ಅಕ್ಷರ ಒಂದೇ. ಅದರ ಬದಲು ಎರಡೂ ಮನೆಯ ಹಿರಿಯರನ್ನು ಕೇಳಿ, ನಿಮ್ಮ ಮದುವೆಯಲ್ಲಿ ಏನು ಮುಡಿದಿದ್ದಿರಿ ಅಂತ. ಉಡುಪಿ ಕಡೆಯವರಾದರೆ ಶಂಕರಪುರದ ಮಲ್ಲಿಗೆ ಅನ್ನುತ್ತಾರೆ, ಬಾಳೆನಾರಿನಲ್ಲಿ ಕಟ್ಟಿದ್ದು. ಅದರ ಲೆಕ್ಕವೇ ಬೇರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉತ್ತರ ಕನ್ನಡದವರು ಅಬ್ಬಲಿಗೆ (ಕನಕಾಂಬರ) ದಂಡೆ ಅನ್ನುತ್ತಾರೆ, ಮೈಸೂರಿನವರು ಮೊಗ್ಗಿನ ಜಡೆ. ಮಲೆನಾಡು, ತುಳುನಾಡಿನಲ್ಲಿ ಹಿಂಗಾರ. ಅಡಿಕೆಯ ಹೊಂಬಾಳೆ ಬಿಡಿಸಿದಾಗ ಸಿಗುವ ಕೆನೆ ಬಣ್ಣದ ಆ ಗೊಂಚಲನ್ನು ಯಾವ ವಿದೇಶಿ ಹೂವೂ ಮೀರಿಸಲಾರದು ಅನ್ನುವುದು ನನ್ನ ಪಕ್ಷಪಾತ. ಮಂಟಪದ ನಾಲ್ಕು ಕಂಬಕ್ಕೂ ತಲೆಕೆಳಗಾಗಿ ಇಳಿಬಿಟ್ಟರೆ ಸಾಕು, ಬೇರೆ ಏನೂ ಬೇಡ.

ಹುಡುಗನ ಮನೆಯ ಹೂ ಒಂದು, ಹುಡುಗಿಯ ಮನೆಯ ಹೂ ಒಂದು. ಬಾಗಿಲಿನಲ್ಲಿ ಎರಡನ್ನೂ ಎರಡು ಕಡೆ ಇಡಿ, ಹಾರದಲ್ಲಿ ಎರಡನ್ನೂ ಸೇರಿಸಿ. ಯಾರಿಗೂ ವಿವರಿಸಬೇಕಾಗಿಲ್ಲ, ಅಜ್ಜಿಯಂದಿರು ತಾವೇ ಗುರುತಿಸುತ್ತಾರೆ.

ಇನ್ನೂ ಒಂದು ದಾರಿ ಇದೆ, ಸಮಯ ಇದ್ದವರಿಗೆ. ನೀವೇ ಬೆಳೆಯಿರಿ. ಚೆಂಡು ಹೂವಿನ ಸಸಿ ನಾಟಿ ಮಾಡಿದ ಸುಮಾರು ಎರಡು ತಿಂಗಳಿಗೆ ಹೂ ಬರುತ್ತದೆ, ಸಸಿ ಮಾಡಲು ಅದಕ್ಕೂ ಮೊದಲು 25–30 ದಿನ. ಜಿನಿಯಾ, ಕಾಸ್ಮೋಸ್ ಬೀಜ ಬಿತ್ತಿ ಎರಡು ತಿಂಗಳಾದರೆ ಹೂ. ಚೈನಾ ಆಸ್ಟರ್‌ಗೆ ಮೂರು-ನಾಲ್ಕು ತಿಂಗಳು ಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ತಳಿಗಳಿವೆ, ಗುಲಾಬಿ ಬಣ್ಣಕ್ಕೆ ಕಾಮಿನಿ, ಬಿಳಿಗೆ ಪೂರ್ಣಿಮಾ ಮತ್ತು ಶಶಾಂಕ್, ನೇರಳೆಗೆ ವಯಲೆಟ್ ಕುಶನ್. ಮದುವೆ ತೋಟದಲ್ಲೇ ಆದರೆ ದಾರಿಯ ಎರಡೂ ಬದಿಗೆ ಗಿಡವನ್ನೇ ಬೆಳೆಸಿಬಿಡಬಹುದು. ಬೇರಿನ ಮೇಲಿರುವ ಹೂ ಬಾಡುವ ಚಿಂತೆ ಇಲ್ಲ. ಮೊದಲ ಮೊಗ್ಗು ಬಂದಾಗ ತುದಿ ಚಿವುಟಿದರೆ ಗಿಡ ಕವಲೊಡೆದು ಹೂ ಜಾಸ್ತಿ ಬಿಡುತ್ತದೆ, ಆದರೆ ದಿನ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಎಲ್ಲವನ್ನೂ ಒಂದೇ ದಿನ ನಾಟಿ ಮಾಡದೆ ವಾರದ ಅಂತರದಲ್ಲಿ ಎರಡು ಮೂರು ಸಲ ಮಾಡಿದರೆ ಒಂದಾದರೂ ಮುಹೂರ್ತಕ್ಕೆ ಸರಿಯಾಗಿ ಬರುತ್ತದೆ.

ಯಾವ ಹೂ ಎಷ್ಟು ಹೊತ್ತು ತಡೆಯುತ್ತದೆ

ಈ ಭಾಗವನ್ನು ಮಾತ್ರ ನಿಧಾನವಾಗಿ ಓದಿ.

ನೀರಿಲ್ಲದೆ ಬಯಲಿನಲ್ಲಿ ಇಡೀ ದಿನ ನಿಲ್ಲುವವು: ಚೆಂಡು ಹೂ, ಸೇವಂತಿಗೆ, ಕನಕಾಂಬರ, ಕೋಳಿಜುಟ್ಟು, ಮತ್ತು ನೇರಳೆ ಬಣ್ಣದ ಗುಂಡು ಗುಂಡು ವಾಡಾಮಲ್ಲಿ. ನೇರ ಬಿಸಿಲು ಬೀಳುವ ಜಾಗಕ್ಕೆ ಇವಷ್ಟೇ. ಸುಮ್ನೆ ಆಸೆಪಟ್ಟು ಬೇರೆ ಹಾಕಬೇಡಿ. ನೆರಳಿದ್ದರೆ ಇದರ ಜತೆಗೆ ಸುಗಂಧರಾಜ, ಆಸ್ಟರ್, ಕಾಕಡ ಸೇರಿಸಬಹುದು. ಕಾಕಡಕ್ಕೆ ಹೇಳಿಕೊಳ್ಳುವ ಪರಿಮಳ ಇಲ್ಲ, ಆದರೆ ಬಿಳಿ ಮಾಲೆಗೆ ಮಲ್ಲಿಗೆಗಿಂತ ಅಗ್ಗ. ಕೈಗೆ ಸಿಗದ ಎತ್ತರದಲ್ಲಿ ಕಾಕಡ, ಮೂಗಿಗೆ ಹತ್ತಿರ ಮಲ್ಲಿಗೆ.

ನೀರು ಬೇಕೇ ಬೇಕಾದವು ಗುಲಾಬಿ, ಜರ್ಬೆರಾ, ಕಾರ್ನೇಷನ್, ಲಿಲಿ. ಇವಕ್ಕೆ ನೆರಳೂ ಬೇಕು. ಆಂಥೂರಿಯಂ, ಆರ್ಕಿಡ್ ಬಹಳ ದಿನ ಬಾಳುತ್ತವೆ ಅಂತ ಅಂಗಡಿಯವರು ಹೇಳುತ್ತಾರೆ, ನಿಜವೇ, ಆದರೆ ಅದು ಒಳಗಿಟ್ಟರೆ. ಬಿಸಿಲಿಗೆ ಆಂಥೂರಿಯಂ ಸುಟ್ಟ ಕಲೆ ಬಿದ್ದು ಹೋಗುತ್ತದೆ.

ದಾಸವಾಳ, ಪಾರಿಜಾತ ಇವೆಲ್ಲ ದೇವರಿಗೆ ಸರಿ, ಅಲಂಕಾರಕ್ಕೆ ಬೇಡ. ಸಂಪಿಗೆ ಮುಟ್ಟಿದ ಕಡೆ ಕಂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು ಗಾಜಿನ ಬಟ್ಟಲಿನ ನೀರಿನಲ್ಲಿ ತೇಲಿಬಿಟ್ಟು ಊಟದ ಮೇಜಿನ ಮೇಲಿಡಿ. ಊಟದ ಹತ್ತಿರ ಕಣಗಿಲೆ ಮಾತ್ರ ಬೇಡವೇ ಬೇಡ. ಗಿಡದ ಎಲ್ಲ ಭಾಗವೂ ವಿಷ, ಮಕ್ಕಳು ಓಡಾಡುವ ಜಾಗ. ಲಿಲಿ ತರುವವರು ಅರಳಿದ ತಕ್ಷಣ ಒಳಗಿನ ಕಂದು ಪರಾಗದ ತುಂಡುಗಳನ್ನು ಕಿತ್ತು ಹಾಕಿ. ರೇಷ್ಮೆ ಸೀರೆಗೆ ಆ ಪುಡಿ ತಾಗಿದರೆ ಕಲೆ ಹೋಗುವುದು ಕಷ್ಟ. ತಾಗಿದರೆ ಒದ್ದೆ ಕೈಯಲ್ಲಿ ಉಜ್ಜಬೇಡಿ, ಅಂಟು ಟೇಪಿನಿಂದ ಒತ್ತಿ ಎತ್ತಿ.

ಮಲ್ಲಿಗೆಗೆ ಗಂಟೆಯ ಲೆಕ್ಕ ಬಹಳ ಮುಖ್ಯ. ಮೊಗ್ಗನ್ನು ಬೆಳಗಿನ ಹೊತ್ತು ಕೀಳುತ್ತಾರೆ, ಅದು ಸಂಜೆಗೆ ಅರಳುತ್ತದೆ, ಮರುದಿನ ಬೆಳಿಗ್ಗೆಗೆ ಕಂದು. ಸಂಜೆಯ ರಿಸೆಪ್ಷನ್ನಿಗೆ ಅವತ್ತಿನ ಮೊಗ್ಗು ತಂದರೆ ನೆಂಟರು ಬರುವ ಹೊತ್ತಿಗೆ ತಾನಾಗಿ ಅರಳಿ ಘಮ್ ಅನ್ನುತ್ತದೆ. ಬೆಳಗಿನ ಮುಹೂರ್ತಕ್ಕೆ ಅದು ಆಗುವುದಿಲ್ಲ. ಅದಕ್ಕೆ ಹಿಂದಿನ ದಿನ ಮಧ್ಯಾಹ್ನವೇ ಗಟ್ಟಿ ಮೊಗ್ಗನ್ನು ತಂದು, ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಅಲ್ಲ. ಬೆಳಗಿನ ಜಾವ ಹೊರಗೆ ತೆಗೆಯಿರಿ. ಮೊಗ್ಗಿನ ಜಡೆಗಂತೂ ಅರಳದ ಮೊಗ್ಗೇ ಬೇಕು, ಅಲ್ಲಿ ಫ್ರಿಜ್ಜು ಬಿಟ್ಟು ಬೇರೆ ಗತಿಯಿಲ್ಲ.

ಲೆಕ್ಕ

ಹಾರ, ಮಾಲೆಯನ್ನು ಮಾರಿನ ಲೆಕ್ಕದಲ್ಲಿ, ಮುಡಿಯುವ ಹೂವನ್ನು ಮೊಳದ ಲೆಕ್ಕದಲ್ಲಿ ಕೇಳಿ. ಒಂದು ಮೊಳ ಸುಮಾರು ಒಂದೂವರೆ ಅಡಿ, ನಾಲ್ಕು ಮೊಳಕ್ಕೆ ಒಂದು ಮಾರು, ಅಂದರೆ ಆರು ಅಡಿ. ಮೊಳಕ್ಕೆ ಯಾರ ಕೈ ಅನ್ನುವುದನ್ನು ಮೊದಲೇ ನೋಡಿಕೊಳ್ಳಿ, ನಗಬೇಡಿ, ನೂರು ಮೊಳಕ್ಕೆ ಅದರಲ್ಲೇ ಹತ್ತು ಮೊಳ ಹೋಗುತ್ತದೆ.

ಹತ್ತು ಅಡಿ ಅಗಲದ ಮಂಟಪದ ಮುಂದೆ ಆರು ಇಂಚಿಗೊಂದರಂತೆ ಒಂದೊಂದು ಮಾರಿನ ಎಳೆ ಇಳಿಬಿಟ್ಟರೆ 21 ಮಾರು. ಹಿಂದಿನ ಪರದೆ ಒತ್ತಾಗಿ ಬೇಕು, ನಾಲ್ಕು ಇಂಚಿಗೊಂದು ಅಂದರೆ 31. ಕಂಬಕ್ಕೆ ಸುತ್ತುವುದಾದರೆ ಕಂಬದ ಎತ್ತರದ ಎರಡು ಪಟ್ಟಾದರೂ ಹಿಡಿಯಿರಿ. ಒಂದು ಮಾರಿಗೆ ಎಷ್ಟು ಕೆಜಿ ಬಿಡಿ ಹೂ ಬೇಕು ಅನ್ನುವುದು ಹೂವಿನ ಗಾತ್ರದ ಮೇಲೆ ನಿಂತಿದೆ. ತಿಂಗಳ ಮುಂಚೆ ಒಂದು ಕೆಜಿ ಚೆಂಡು ಹೂ ತಂದು ಮನೆಯಲ್ಲೇ ಪೋಣಿಸಿ ಅಳೆದು ನೋಡಿ. ಮಾಲೆಯ ಒಂದು ತುಂಡನ್ನು ಬಿಸಿಲಿಗೆ ಕಟ್ಟಿ, ಇನ್ನೊಂದನ್ನು ನೆರಳಿಗೆ ಕಟ್ಟಿ, ಸಂಜೆ ನೋಡಿ. ಈ ಸಣ್ಣ ಪರೀಕ್ಷೆ ಡೆಕೋರೇಟರ್‌ನ ಎಲ್ಲ ಮಾತಿಗಿಂತ ಜಾಸ್ತಿ ಹೇಳುತ್ತದೆ. ಬಂದ ಲೆಕ್ಕಕ್ಕೆ ಹತ್ತನೇ ಒಂದು ಭಾಗ ಸೇರಿಸಿ, ಮುರಿದದ್ದು, ಕೊಳೆತದ್ದು ಇದ್ದೇ ಇರುತ್ತದೆ.

ಗುಲಾಬಿ 20ರ ಕಟ್ಟು, ಜರ್ಬೆರಾ 10ರ ಕಟ್ಟು. ಜಾಸ್ತಿ ಬೇಕಿದ್ದರೆ ಬೆಂಗಳೂರಿನ ಹೆಬ್ಬಾಳದ ಹೂ ಹರಾಜು ಕೇಂದ್ರದಿಂದ ತರುವ ವ್ಯಾಪಾರಿಗಳನ್ನು ಹಿಡಿಯಿರಿ.

ದುಡ್ಡು ಎಲ್ಲಿ ಹಾಕಬೇಕು ಅಂತ ಕೇಳಿದರೆ, ಅರ್ಧ ಮಂಟಪಕ್ಕೆ, ಉಳಿದದ್ದರಲ್ಲಿ ದೊಡ್ಡ ಪಾಲು ಹಾರ ಮತ್ತು ಬಂದವರ ಕೈಗೆ ಕೊಡುವ ಹೂವಿಗೆ. ಅರಿಶಿನ-ಕುಂಕುಮದ ಜತೆ ಒಳ್ಳೆಯ ಮಲ್ಲಿಗೆ ಅರ್ಧ ಮೊಳ ಸಿಕ್ಕರೆ ಜನ ನೆನಪಿಟ್ಟುಕೊಳ್ಳುತ್ತಾರೆ. ಪಾರ್ಕಿಂಗ್ ಕಡೆಯ ಕಮಾನನ್ನು ಯಾರೂ ತಿರುಗಿ ನೋಡುವುದಿಲ್ಲ, ಅಲ್ಲಿ ಬಾಳೆಕಂಬ, ಮಾವಿನೆಲೆ ಸಾಕು.

ಕಟ್ಟುವ ಕೆಲಸ

ಹಸಿರು ಸ್ಪಂಜಿನಂಥ ಫ್ಲೋರಲ್ ಫೋಮ್ ತರಬೇಡಿ. ಅದು ಪ್ಲಾಸ್ಟಿಕ್ಕೇ, ಮಣ್ಣಿನಲ್ಲಿ ಕರಗುವುದಿಲ್ಲ, ಪುಡಿಪುಡಿಯಾಗಿ ತೋಟದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯದು ಬಾಳೆದಿಂಡು. ಗೊನೆ ಕಡಿದ ಬಾಳೆಯ ಕಾಂಡವನ್ನು ಒಂದು ಅಡಿಯ ತುಂಡು ಮಾಡಿ, ಉದ್ದಕ್ಕೆ ಸೀಳಿ, ಚಪ್ಪಟೆ ಕಡೆ ಕೆಳಗೆ ಬರುವಂತೆ ಇಡಿ. ಗಟ್ಟಿ ಕಾಂಡದ ಹೂವನ್ನು ಓರೆಯಾಗಿ ಕತ್ತರಿಸಿ ನೇರ ಚುಚ್ಚಬಹುದು. ಕಾಂಡವಿಲ್ಲದ ಚೆಂಡು ಹೂ, ಸೇವಂತಿಗೆಯನ್ನು ತೆಂಗಿನ ಕಡ್ಡಿಗೆ ಸಿಕ್ಕಿಸಿ ಚುಚ್ಚಿ. ದಿಂಡಿನ ತುಂಬ ನೀರೇ ಇರುವುದರಿಂದ ಮಧ್ಯಾಹ್ನದವರೆಗೆ ಹೂ ತಾಜಾ. ಮೊದಲು ಎಲೆ, ಆಮೇಲೆ ದೊಡ್ಡ ಹೂ, ಕೊನೆಗೆ ಸಣ್ಣದು. ಎಲೆಗೆ ದವನ, ಮರುಗ ಸೇರಿಸಿದರೆ ಪರಿಮಳವೂ ಬರುತ್ತದೆ. ಬಾಳೆದಿಂಡಿನ ರಸ ಬಟ್ಟೆಗೆ ತಾಗಿದರೆ ಕಪ್ಪು ಕಲೆ, ಆದ್ದರಿಂದ ಕಟ್ಟುವಾಗ ಹಳೇ ಬಟ್ಟೆ ಹಾಕಿಕೊಳ್ಳಿ, ಮೇಜಿನ ಮೇಲೆ ಇಡುವಾಗ ಕೆಳಗೆ ಬಾಳೆಲೆ ಹಾಸಿ.

ತೆಂಗಿನ ಗರಿ ಹೆಣೆಯುವವರು ಊರಲ್ಲಿ ಇನ್ನೂ ಇದ್ದರೆ ಅವರನ್ನು ಹುಡುಕಿ ಕರೆಸಿ. ಗಿಳಿ, ಮಿಡತೆ, ಚಾಪೆಯಂಥ ಪರದೆ, ಏನು ಬೇಕಾದರೂ ಹೆಣೆಯುತ್ತಾರೆ. ಗರಿಯ ಪರದೆಯ ಮೇಲೆ ಅಲ್ಲಲ್ಲಿ ಹೂವಿನ ಗೊಂಚಲು ಕಟ್ಟಿದರೆ ಇಡೀ ಗೋಡೆಗೆ ಹೂ ತುಂಬುವ ಖರ್ಚು ಉಳಿಯಿತು. ಭತ್ತದ ತೆನೆಯ ತೋರಣವೂ ಹಾಗೆಯೇ. ಮರಕ್ಕೆ ಮೊಳೆ ಹೊಡೆಯಬೇಡಿ, ಸೆಣಬಿನ ಹಗ್ಗ ಸುತ್ತಿ ಅದಕ್ಕೆ ಕಟ್ಟಿ. ಇಳಿಬಿಟ್ಟ ಮಾಲೆಯ ತುದಿಗೆ ಒಂದು ಸಣ್ಣ ಭಾರ ಇರಲಿ, ಅಡಿಕೆಯೋ, ಪುಟ್ಟ ಗಂಟೆಯೋ. ಇಲ್ಲದಿದ್ದರೆ ಗಾಳಿಗೆ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಫೋಟೋ ತೆಗೆಯುವ ಹೊತ್ತಿಗೆ ಜಡೆಯಾಗಿರುತ್ತವೆ.

ತಾವರೆ ಬೇಕು ಅನ್ನುವವರಿಗೆ ಒಂದು ಮಾತು. ಕಿತ್ತ ತಾವರೆ ಮೊಗ್ಗು ತಾನಾಗಿ ಸರಿಯಾಗಿ ಅರಳುವುದಿಲ್ಲ. ಹೊರಗಿನ ದಳಗಳನ್ನು ಒಂದೊಂದಾಗಿ ಒಳಕ್ಕೆ ಮಡಿಸಿ ಅರಳಿಸಬೇಕು. ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ಕೂತು ಮಾಡುತ್ತಾರೆ.

ಕೊನೆಯ ಎರಡು ದಿನ

ಎರಡು ದಿನ ಮುಂಚೆ ಬಿದಿರು, ಹಗ್ಗ, ಗರಿ, ತೆನೆ ಎಲ್ಲ ಕಟ್ಟಿ ಮುಗಿಸಿ. ಗುಲಾಬಿ, ಜರ್ಬೆರಾ ಹಿಂದಿನ ದಿನ ಬೆಳಿಗ್ಗೆ ಬರಲಿ. ಬಂದ ಕೂಡಲೇ ನೀರಿನಲ್ಲಿ ಮುಳುಗುವ ಎಲೆ ತೆಗೆದು, ಬುಡವನ್ನು ಒಂದು ಇಂಚು ಓರೆಯಾಗಿ ಕತ್ತರಿಸಿ ಬಕೆಟ್ಟಿಗೆ ಹಾಕಿ. ಗುಲಾಬಿಗೆ ಅರ್ಧ ಬಕೆಟ್ ನೀರು, ಜರ್ಬೆರಾಗೆ ಎರಡು ಮೂರು ಇಂಚು ಮಾತ್ರ, ಅದರ ಕಾಂಡ ಬೇಗ ಕೊಳೆಯುತ್ತದೆ. ತಂಪಾದ ಕತ್ತಲೆ ಕೋಣೆಯಲ್ಲಿ ರಾತ್ರಿಯಿಡೀ ನೀರು ಕುಡಿಯಲಿ.

ಆ ಕೋಣೆ ಉಗ್ರಾಣ ಆಗಿರಬಾರದು. ನಮ್ಮ ಮದುವೆಮನೆಗಳಲ್ಲಿ ಹೂವನ್ನೂ ಬಾಳೆಹಣ್ಣಿನ ಗೊನೆಯನ್ನೂ ಒಟ್ಟಿಗೇ ಇಡುತ್ತಾರೆ. ಹಣ್ಣಾಗುವ ಬಾಳೆ ಎಥಿಲಿನ್ ಅನಿಲ ಬಿಡುತ್ತದೆ, ಕಾರ್ನೇಷನ್, ಆರ್ಕಿಡ್ ಅದಕ್ಕೆ ರಾತ್ರೋರಾತ್ರಿ ಮುದುಡಿಕೊಳ್ಳುತ್ತವೆ. ಬೆಳಿಗ್ಗೆ ಹೂವಿನವನನ್ನು ಬೈಯುತ್ತಾರೆ, ಪಾಪ.

ಚೆಂಡು ಹೂವನ್ನು ಮೂಟೆಯಲ್ಲೇ ಬಿಡಬೇಡಿ. ಒಳಗೆ ಬಿಸಿ ಏರಿ ಕೊಳೆಯುತ್ತದೆ. ಚಾಪೆಯ ಮೇಲೆ ಹರಡಿ, ನೀರು ಚಿಮುಕಿಸದೆ. ಒದ್ದೆ ಚೆಂಡು ಹೂವಿನ ನಡುಭಾಗ ಕಪ್ಪಾಗುತ್ತದೆ. ಅದನ್ನು ಹಿಂದಿನ ರಾತ್ರಿಯೇ ಕಟ್ಟಿ ಮೇಲೇರಿಸಬಹುದು. ಮಾವಿನೆಲೆ ಬಿಸಿಲಿಗೆ ಮುರುಟುತ್ತದೆ, ಅದು ಬೆಳಗಿನ ಜಾವ. ಬಾಳೆಕಂಬದ ಬುಡ ಒದ್ದೆ ಮಣ್ಣಿನಲ್ಲಿ ಹೂತಿರಲಿ. ಗುಲಾಬಿ, ಲಿಲಿ ಮುಹೂರ್ತಕ್ಕೆ ಎರಡು ಗಂಟೆ ಮುಂಚೆ. ಎಲ್ಲಕ್ಕಿಂತ ಕೊನೆಗೆ ಮಲ್ಲಿಗೆ. ಹಾರ ಎರಡು ಜೊತೆ ಇರಲಿ, ಒಂದು ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಕೆಳಗೆ. ಧಾರೆ ಹೊತ್ತಿಗೆ ಮೊದಲನೆಯದರ ದಾರ ಕಿತ್ತುಹೋಗುವುದು ಹೊಸದೇನಲ್ಲ.

ಒಬ್ಬರನ್ನು ಹೂವಿಗೆ ಅಂತಲೇ ಬಿಡಿ, ಫೋಟೋಗೂ ನಿಲ್ಲದವರನ್ನು, ಊಟಕ್ಕೂ ಮೊದಲ ಪಂಕ್ತಿಗೆ ಓಡದವರನ್ನು. ಅವರ ಹತ್ತಿರ ಕತ್ತರಿ, ದಾರ, ಸೂಜಿ, ಒಂದು ಬುಟ್ಟಿ ಬಿಡಿ ಹೂ. ಹನ್ನೊಂದಕ್ಕೆ ಒಂದು ಸುತ್ತು, ಎರಡಕ್ಕೆ ಒಂದು ಸುತ್ತು ಹೋಗಿ ಬಾಡಿದ್ದನ್ನು ತೆಗೆದು ಹೊಸದು ಚುಚ್ಚಿದರೆ ಆಯಿತು. ಸಿಹಿ, ಪಾನಕದ ಹತ್ತಿರ ಅರಳಿದ ಹೂ ಜಾಸ್ತಿ ಇಡಬೇಡಿ, ಜೇನು ಬರುತ್ತದೆ. ಅಲ್ಲಿ ಎಲೆ, ಕಡ್ಡಿ, ತೆನೆ ಇರಲಿ.

ಮದುವೆ ಮುಗಿದ ಮೇಲೆ ಕೆಲಸದವರು ಎಲ್ಲವನ್ನೂ ಒಂದೇ ಗುಡ್ಡೆ ಮಾಡುವ ಮೊದಲು ಮೂರು ಪಾಲು ಮಾಡಿಸಿ. ಹತ್ತಿ ದಾರ, ಬಾಳೆನಾರಿನ ಮಾಲೆ ಹಾಗೇ ಗೊಬ್ಬರದ ಗುಂಡಿಗೆ ಹೋಗಲಿ. ನೈಲಾನ್ ದಾರ, ತಂತಿ, ಜರಿ ಇದ್ದದ್ದನ್ನು ಬಿಡಿಸಿ ಬೇರೆ ಹಾಕಿ. ನೀವೇ ಬೆಳೆದ ಚೆಂಡು ಹೂವಿದ್ದರೆ ಕೆಲವು ಗಿಡ ಕೀಳದೆ ಬಿಟ್ಟು, ಹೂ ಅಲ್ಲೇ ಪೂರ್ತಿ ಒಣಗಿದ ಮೇಲೆ ಬೀಜ ತೆಗೆದಿಡಬಹುದು. ಬಾಳೆದಿಂಡನ್ನು ಕಡ್ಡಿ ತೆಗೆದು ಹಸುವಿಗೆ ಹಾಕಬಹುದು. ಗುಲಾಬಿ, ಜರ್ಬೆರಾ, ಕಾರ್ನೇಷನ್ ಮಾತ್ರ ಹಸುವಿನ ಹತ್ತಿರ ಬೇಡ, ಪಾಲಿಹೌಸಿನಲ್ಲಿ ಔಷಧಿ ಹೊಡೆದೇ ಬೆಳೆಸಿರುತ್ತಾರೆ. ಅದೇ ಕಾರಣಕ್ಕೆ ಆ ಗುಲಾಬಿಯ ಪಕಳೆಯನ್ನು ಪಾನಕಕ್ಕೂ ಸಿಹಿಗೂ ಉದುರಿಸಬೇಡಿ.